ಹೆಂಗಸರಲ್ಲಿ ತೀರಾ ಕಡಿಮೆ

ನರರೋಗ ವಿಭಾಗದ ಮುಖ್ಯಸ್ಥರು ತಾವಾಗಿಯೇ ಗ್ರಂಥಾಲಯಕ್ಕೆ ಬಂದರೆಂದರೆ ನನಗೆ ಏನೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಪುಸ್ತಕ ಬೇಕಾದರೆ ಅವರು ಅಟೆಂಡರನ್ನು ಕಳಿಸುತ್ತಾರೆ. ಆ ದಿನ ತಾವೇ ಬಂದು, ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಒರೆಸಿಕೊಂಡರು. ಕೈಯಲ್ಲಿ ನಾಲ್ಕು ಪುಟದ ಒಂದು ನಮೂನೆ ಇತ್ತು.

ನಾನು ಕೋಲಾರದ ಒಂದು ವೈದ್ಯಕೀಯ ಸಂಸ್ಥೆಯ ಗ್ರಂಥಪಾಲಕಿ. ಮುಖ್ಯಸ್ಥರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಕಡೆ ತಿಂಗಳಿಗೊಂದು ದಿನ ಮೂರ್ಛೆ ರೋಗದ ಶಿಬಿರ ನಡೆಸುವವರು. ಬಂದವರಿಗೆಲ್ಲ ಮುಂದಿನ ತಿಂಗಳ ತನಕ ಆಗುವಷ್ಟು ಮಾತ್ರೆ ಪುಕ್ಕಟೆ ಸಿಗುತ್ತದೆ. ಆ ಮಾತ್ರೆ ಒದಗಿಸುವುದು ದೂರದೂರಿನ ಒಂದು ದಾನಿಗಳ ಸಮಿತಿ. ಆ ಸಮಿತಿಯವರಿಗೆ ಈ ಸಲ ಹೊಸದೊಂದು ಯೋಚನೆ ಬಂದಿತ್ತು. ಈ ನಾಲ್ಕು ತಾಲ್ಲೂಕುಗಳಿಂದ ನರವಿಜ್ಞಾನದಲ್ಲಿ ಇದುವರೆಗೆ ಎಷ್ಟು ಸಂಶೋಧನೆ ಹೊರಬಂದಿದೆ, ಅದರ ಪರಿಣಾಮ ಏನು, ಇದನ್ನು ಅಳೆದು ತೋರಿಸಿ ಎಂದಿದ್ದರು. ಅಳತೆ ಚೆನ್ನಾಗಿದ್ದರೆ ಮಾತ್ರೆ ಮುಂದುವರಿಯುತ್ತದೆ, ಇಲ್ಲವಾದರೆ ಬೇರೆ ಜಿಲ್ಲೆಗೆ ಹೋಗುತ್ತದೆ. ಮೂರು ತಿಂಗಳು ಗಡುವು ಕೊಟ್ಟಿದ್ದರು.

ರೋಗಿಗಳಿಗೆ ಮಾತ್ರೆ ಕೊಡುವುದಕ್ಕೂ ಪೇಪರ್ ಎಣಿಸುವುದಕ್ಕೂ ಏನು ಸಂಬಂಧ ಎಂದು ಕೇಳಿದೆ. ಅದನ್ನು ಕೇಳುವ ಸ್ಥಿತಿಯಲ್ಲಿ ತಾವಿಲ್ಲ ಎಂದರು. ಎಣಿಸುವ ಕೆಲಸ ನನಗೆ ಬರುತ್ತದೆ, ಬೇರೆ ಯಾರಿಗೂ ಬರುವುದಿಲ್ಲ ಎಂದು ಒಂದಿಷ್ಟು ಬೆಣ್ಣೆಯನ್ನೂ ಹಚ್ಚಿದರು. ಹಚ್ಚಿಸಿಕೊಂಡೆ. ಇಪ್ಪತ್ತು ವರ್ಷದಿಂದ ಪುಸ್ತಕಕ್ಕೆ ನಂಬರ್ ಅಂಟಿಸಿಕೊಂಡು ಕೂತವಳಿಗೆ ಯಾರಾದರೂ ನಿನ್ನ ವಿದ್ಯೆ ಬೇಕು ಎಂದರೆ ಖುಷಿಯಾಗುವುದಿಲ್ಲವೇ?

ಮೊದಲ ತಿಂಗಳು ಬರೀ ಹುಡುಕಾಟದಲ್ಲೇ ಕಳೆಯಿತು. ಸಂಶೋಧನಾ ಲೇಖನಗಳ ದೊಡ್ಡ ದೊಡ್ಡ ಸೂಚಿಗಳಲ್ಲಿ ನಾಲ್ಕು ಊರಿನ ಹೆಸರು ಹಾಕಿ, ಲೇಖಕರ ವಿಳಾಸದಲ್ಲಿ ಅವು ಎಲ್ಲೆಲ್ಲಿ ಬರುತ್ತವೆ ಎಂದು ತೆಗೆದೆ. ಬಂದದ್ದನ್ನೆಲ್ಲ ಒಂದೊಂದಾಗಿ ಓದಿ ಮೂರು ರಾಶಿ ಮಾಡಿದೆ. ನಮ್ಮ ಜನರ ಮೇಲೆ ನಮ್ಮವರೇ ಮಾಡಿದ ಕೆಲಸ ಒಂದು ರಾಶಿ. ನಮ್ಮ ಜನರ ರಕ್ತ, ನಮ್ಮ ಜನರ ಮಾಹಿತಿ ತೆಗೆದುಕೊಂಡು ಹೋಗಿ ಬೆಂಗಳೂರಿನವರೋ ಹೊರದೇಶದವರೋ ಬರೆದದ್ದು ಇನ್ನೊಂದು. ಅದರಲ್ಲಿ ನಮ್ಮೂರಿನ ಹೆಸರೂ ಇರುವುದಿಲ್ಲ, ‘ದಕ್ಷಿಣ ಭಾರತದ ಒಂದು ಗ್ರಾಮೀಣ ಪ್ರದೇಶ’ ಎಂದು ಮುಗಿಸಿಬಿಟ್ಟಿರುತ್ತಾರೆ. ವಿಳಾಸ ಮಾತ್ರ ಇಲ್ಲಿಯದು, ಒಳಗಿರುವ ವಿಷಯಕ್ಕೂ ಈ ಮಣ್ಣಿಗೂ ಯಾವ ನಂಟೂ ಇಲ್ಲ ಎನ್ನುವುದು ಮೂರನೆಯದು. ಬಡ್ತಿಗೋಸ್ಕರ ದುಡ್ಡು ಕಟ್ಟಿ ಅಚ್ಚು ಹಾಕಿಸಿದವು ಹೆಚ್ಚಾಗಿ ಈ ರಾಶಿಯಲ್ಲಿದ್ದವು. ಅವನ್ನು ಬರೆದವರು ಬಿಟ್ಟರೆ ಬೇರೆ ಯಾರೂ ಓದಿದ ಗುರುತಿರಲಿಲ್ಲ.

ಆಮೇಲೆ ಪಾಲು ಹಾಕುವ ಕೆಲಸ. ಒಂದು ಲೇಖನಕ್ಕೆ ಆರು ಜನ ಲೇಖಕರಿದ್ದು ಅದರಲ್ಲಿ ನಮ್ಮವರು ಒಬ್ಬರೇ ಆದರೆ ನಮಗೆ ಆರನೇ ಒಂದು ಪಾಲು. ಒಬ್ಬರ ಲೇಖನವನ್ನು ಬೇರೆಯವರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ, ತಮ್ಮನ್ನು ತಾವೇ ಹೆಸರಿಸಿಕೊಂಡಿದ್ದರೆ ಅದನ್ನು ಕಳೆಯಬೇಕು. ಹೀಗೆ ಕಳೆಯುತ್ತಾ ಕಳೆಯುತ್ತಾ ನಮ್ಮ ನಾಲ್ಕು ತಾಲ್ಲೂಕಿನ ಮಾನ ನನ್ನ ಕಣ್ಣೆದುರೇ ಕರಗಿತು. ಮೊದಲು ರಾಶಿ ನೋಡಿ ಬೀಗಿದ್ದ ನನಗೆ ಕೊನೆಗೆ ಮುಖ್ಯಸ್ಥರಿಗೆ ಏನು ಹೇಳಲಿ ಎಂದು ಸಂಕಟವಾಯಿತು.

ಆ ಸಂಕಟದಲ್ಲಿ ಕೈಹಿಡಿದದ್ದು ಒಂದೇ ಒಂದು ಲೇಖನ. ಅದು ಮುಖ್ಯಸ್ಥರದೇ. ಶಿಬಿರ ಶುರು ಮಾಡುವ ಮೊದಲು ಅವರು ಮುಳಬಾಗಿಲು ಮತ್ತು ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮನೆಮನೆಗೆ ಜನರನ್ನು ಕಳಿಸಿ, ಯಾರಿಗೆ ಮೂರ್ಛೆ ಬರುತ್ತದೆ ಎಂದು ಸಮೀಕ್ಷೆ ಮಾಡಿಸಿದ್ದರು. ಆ ಲೇಖನವನ್ನು ಎಲ್ಲೆಲ್ಲಿಯವರೋ ಉಲ್ಲೇಖಿಸಿದ್ದರು. ಉಲ್ಲೇಖಿಸಿದವರನ್ನೆಲ್ಲ ಒಬ್ಬೊಬ್ಬರಾಗಿ ಓದಿದೆ. ಎಲ್ಲರೂ ಎತ್ತಿಕೊಂಡದ್ದು ಅದರ ಒಂದೇ ಮಾತನ್ನು: ಈ ಭಾಗದಲ್ಲಿ ಮೂರ್ಛೆ ರೋಗ ಗಂಡಸರಿಗೆ ಹೋಲಿಸಿದರೆ ಹೆಂಗಸರಲ್ಲಿ ತೀರಾ ಕಡಿಮೆ. ಯಾಕೆ ಕಡಿಮೆ ಎನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಊಹೆ. ಒಬ್ಬರು ನೀರು ಎಂದರೆ ಇನ್ನೊಬ್ಬರು ವಂಶವಾಹಿ ಎಂದಿದ್ದರು. ಮತ್ತೊಬ್ಬ ಮಹಾನುಭಾವರು ರಾಗಿಯ ಮೇಲೆ ಹೊರಿಸಿದ್ದರು. ರಾಗಿಮುದ್ದೆಯನ್ನು ಗಂಡಸರೂ ತಿನ್ನುತ್ತಾರೆ ಸ್ವಾಮಿ ಎಂದು ಅವರಿಗೊಂದು ಕಾಗದ ಬರೆಯುವ ಮನಸ್ಸಾಗಿತ್ತು.

ಇನ್ನು ‘ಪರಿಣಾಮ’ಕ್ಕೆ ಬರೀ ಉಲ್ಲೇಖ ಸಾಲದು, ಸಮಾಜಕ್ಕೆ ಆದ ಉಪಯೋಗಕ್ಕೂ ಪುರಾವೆ ಕೊಡಿ ಎಂದು ನಮೂನೆಯಲ್ಲಿತ್ತು. ಅದೂ ಈ ಲೇಖನದಲ್ಲೇ ಸಿಕ್ಕಿತು. ಶಿಬಿರಕ್ಕೆ ಯಾವ ಮಾತ್ರೆ ಎಷ್ಟು ತರಿಸಬೇಕೆಂದು ತೀರ್ಮಾನಿಸಿದ್ದೇ ಇದರ ಆಧಾರದ ಮೇಲೆ. ಗಂಡಸರೇ ಹೆಚ್ಚು ಎಂದಾದ ಮೇಲೆ ಅವರಿಗೆ ಒಗ್ಗುವ ಒಂದು ಹಳೆಯ ಮಾತ್ರೆಯನ್ನು ದಂಡಿಯಾಗಿ ತರಿಸಿದ್ದರು. ಹೆಂಗಸರಿಗೆಂದು ಬೇರೆ ಇರುವ ಮಾತ್ರೆ ಒಂದಿಷ್ಟೇ ಇತ್ತು. ಇಗೋ ನೋಡಿ, ಸಂಶೋಧನೆಯಿಂದ ಔಷಧಿಯ ಪಟ್ಟಿಯೇ ಬದಲಾಗಿದೆ ಎಂದು ವರದಿಯಲ್ಲಿ ಒಂದು ಇಡೀ ಪುಟ ಬರೆದೆ. ಬರೆಯುವಾಗ ನನಗೆ ಹೆಮ್ಮೆಯೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆ ಪುಟಕ್ಕೆ ಬೆಂಬಲವಾಗಿ ಶಿಬಿರದ ರಿಜಿಸ್ಟರುಗಳನ್ನು ಮುಖ್ಯಸ್ಥರ ಅನುಮತಿಯಿಂದ ನೋಡತೊಡಗಿದೆ. ಹೊರಗೆ ಯಾರ ಹೆಸರೂ ಹೇಳಕೂಡದು ಎಂದು ಬರೆಸಿಕೊಂಡೇ ಕೊಟ್ಟಿದ್ದರು. ಅಲ್ಲೂ ಗಂಡಸರೇ ಜಾಸ್ತಿ. ನನ್ನ ಲೆಕ್ಕ ತಾಳೆಯಾಗುತ್ತಿತ್ತು. ಷರಾ ಬರೆಯುವ ಕಾಲಂ ಓದುತ್ತಾ ಹೋದಂತೆ ಒಂದು ವಿಚಿತ್ರ ಕಂಡಿತು. ಮುಳಬಾಗಿಲು, ಶ್ರೀನಿವಾಸಪುರದ ಹನ್ನೊಂದು ಜನ ಗಂಡಸರಿಗೆ ಮೂರ್ಛೆ ಬರುವುದು ತಿಂಗಳಿಗೊಂದು ಸಲ, ಅದೂ ಒಬ್ಬೊಬ್ಬರಿಗೂ ಹೆಚ್ಚುಕಡಿಮೆ ಅವರವರದೇ ಆದ ನಾಲ್ಕೈದು ದಿನಗಳ ಆಸುಪಾಸಿನಲ್ಲಿ. ಒಂದು ತಿಂಗಳಲ್ಲ, ವರ್ಷಗಟ್ಟಲೆ ಹಾಗೇ ಇತ್ತು.

ಹೆಂಗಸಾಗಿ ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾಲಂನಲ್ಲಿ ‘ಗಂಡು’ ಎಂದು ಬರೆದಿತ್ತು, ನಾನು ಬರೆದದ್ದನ್ನು ನಂಬುವವಳು. ಮುಖ್ಯಸ್ಥರಿಗೆ ತೋರಿಸಿದೆ. ಅವರ ಮುಖ ಅರಳಿಹೋಯಿತು. ಗಂಡಸರಲ್ಲಿ ಹೀಗೆ ತಿಂಗಳ ಲಯ ಕಾಣುವುದು ಅಪರೂಪ, ಇದೇ ಒಂದು ಹೊಸ ಪೇಪರ್ ಆಗುತ್ತದೆ ಎಂದು, ಬೆಂಗಳೂರಿನ ಒಂದು ಸಮ್ಮೇಳನಕ್ಕೆ ಸಾರಾಂಶ ಬರೆದೂ ಕಳಿಸಿದರು. ಅದನ್ನು ನಾನು ವರದಿಯಲ್ಲಿ ‘ತಯಾರಿಯಲ್ಲಿರುವ ಸಂಶೋಧನೆ’ ಎಂದು ಸೇರಿಸಿದೆ. ಸಾರಾಂಶದ ಕೊನೆಯಲ್ಲಿ ನನ್ನ ಹೆಸರಿಗೂ ಒಂದು ಕೃತಜ್ಞತೆ ಇತ್ತು.

ಆ ಹನ್ನೊಂದು ಜನರಲ್ಲಿ ಒಬ್ಬರನ್ನಾದರೂ ಕಂಡು ಮಾತಾಡಿಸಿ, ಶಿಬಿರದಿಂದ ಏನು ಅನುಕೂಲವಾಯಿತು ಎಂದು ಬರೆದುಕೊಳ್ಳೋಣ ಎಂದು ಮುಳಬಾಗಿಲಿಗೆ ಹೋದೆ. ಅಲ್ಲಿ ಶಿಬಿರ ನಡೆಯುವುದು ಬಾಡಿಗೆಗೆ ಹಿಡಿದ ಒಂದು ಹಳೆಯ ಸಭಾಂಗಣದಲ್ಲಿ. ಸಾಲು ಬಾಗಿಲಾಚೆ ರಸ್ತೆಗೆ ಬಂದಿತ್ತು. ಸಾಲು ನೋಡಿಕೊಳ್ಳುತ್ತಿದ್ದವಳು ಸಮೀಕ್ಷೆಯ ಕಾಲದಿಂದಲೂ ಮುಖ್ಯಸ್ಥರ ಜೊತೆಗಿರುವ ಕಾರ್ಯಕರ್ತೆ. ದೇವರಾಯಸಮುದ್ರದ ಆಚೆಯ ಒಂದು ಹಳ್ಳಿಯವಳು, ನಲವತ್ತು ದಾಟಿದ ಗಟ್ಟಿ ಹೆಂಗಸು. ತೆಲುಗಿನವರಿಗೆ ತೆಲುಗಿನಲ್ಲಿ, ಸಾಬರ ಮನೆಯವರಿಗೆ ಅವರ ಮಾತಿನಲ್ಲಿ ಗದರುತ್ತಾ ಎಲ್ಲರನ್ನೂ ನೆಟ್ಟಗೆ ಕೂರಿಸಿದ್ದಳು. ನಾನು ಆ ಹನ್ನೊಂದರಲ್ಲಿ ಒಬ್ಬನ ಹೆಸರು ಹೇಳಿದಾಗ ಅವನು ಇವತ್ತು ಬರುವುದಿಲ್ಲ ಎಂದಳು. ಅಷ್ಟರಲ್ಲೇ ಅವನು ಬಂದ.

ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಟೊಮೆಟೊ ಮಂಡಿಯಲ್ಲಿ ಕೆಲಸ. ಪಕ್ಕಕ್ಕೆ ಕರೆದು ಕೂರಿಸಿ, ಕಳೆದ ಸಲ ಯಾವ ದಿನ ಬಂದಿತ್ತಪ್ಪಾ ಎಂದು ಕೇಳಿದೆ. ತಡವರಿಸಿದ. ಒಂದು ನಿಮಿಷ ಮೇಡಂ ಎಂದು ಎದ್ದು ಕಂಬದ ಹಿಂದೆ ಹೋಗಿ ಫೋನ್ ಹಚ್ಚಿದ. ನಮ್ಮ ಮನೆಮಾತು ತೆಲುಗು ಎಂದು ಅವನಿಗೇನು ಗೊತ್ತು?

“ಪೋಯಿನ ನೆಲ ಎಪ್ಪುಡು ವಚ್ಚಿಂದಮ್ಮಾ?” ಎಂದು ಮೆಲ್ಲಗೆ ಕೇಳಿದ.

ಹೋದ ತಿಂಗಳು ಯಾವಾಗ ಬಂತಮ್ಮಾ ಎಂದು. ತನಗೆ ಬಂದ ಮೂರ್ಛೆಯ ದಿನವನ್ನು ಯಾರಾದರೂ ಹೀಗೆ ಬೇರೆಯವರನ್ನು ಕೇಳಿಯಾರು, ಪ್ರಜ್ಞೆ ಇಲ್ಲದಾಗ ಬರುವುದಲ್ಲವೇ ಎಂದು ಒಂದು ಗಳಿಗೆ ಅಂದುಕೊಂಡೆ. ಆದರೆ ಆ ಕಡೆಯ ದನಿಗೆ ಅವನು ‘ಮಾತ್ರೆ ಮುಗಿಯೋ ಮುಂಚೆ ತಂದು ಕೊಡ್ತೀನಿ, ನೀನು ಹೆದರಬೇಡ’ ಎಂದು ತೆಲುಗಿನಲ್ಲೇ ಸಮಾಧಾನ ಹೇಳಿದ. ಹನ್ನೊಂದು ಗಂಡಸರು, ತಿಂಗಳಿಗೊಂದು ಸಲ. ಅಯ್ಯೋ ಶಿವನೇ, ಮೂವತ್ತು ವರ್ಷ ಹೆಂಗಸಾಗಿ ತಿಂಗಳ ಮುಟ್ಟಿನ ಲೆಕ್ಕ ಹಾಕಿದವಳು ನಾನು, ಅದಕ್ಕೆ ‘ಲಯ’ ಅಂತ ಹೆಸರಿಟ್ಟು ವರದಿಗೆ ಸೇರಿಸಿದ್ದೆನಲ್ಲ.

ಕಾರ್ಯಕರ್ತೆಯನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದೆ. ದೋಸೆ ತರಿಸಿದೆ, ಅವಳು ಮುಟ್ಟಲಿಲ್ಲ. ಮೊದಲು ಏನೂ ಇಲ್ಲ ಮೇಡಂ ಎಂದಳು. ನಾನು ರಿಜಿಸ್ಟರಿನ ಹನ್ನೊಂದು ಹೆಸರನ್ನೂ ಒಂದೊಂದಾಗಿ ಹೇಳುತ್ತಾ ಹೋದೆ. ಆರನೆಯದಕ್ಕೆ ಸಾಕು ಎಂಬಂತೆ ಕೈಯೆತ್ತಿದಳು.

“ನಾನು ಸುಳ್ಳು ಬರೀಲಿಲ್ಲ ಮೇಡಂ. ಮದುವೆಗಿರೋ ಹುಡ್ಗೀರ ಮನೇಲಿ ಆ ಪ್ರಶ್ನೆ ಕೇಳ್ಲೇ ಇಲ್ಲ, ಅಷ್ಟೆ. ಕೇಳಿ, ಇಲ್ಲ ಅನ್ನಿಸ್ಕೊಂಡು, ಆ ತಾಯಂದಿರ ಬಾಯಲ್ಲಿ ಸುಳ್ಳು ಹೇಳ್ಸೋದ್ಯಾಕೆ? ಫಾರಮ್ಮಲ್ಲಿ ಹೆಸರು, ತಂದೆ ಹೆಸರು, ಮನೆ ನಂಬರು ಎಲ್ಲಾ ಇತ್ತು. ನಾಳೆ ಅದು ಯಾರ ಕೈಗೆ ಹೋಗುತ್ತೋ ನಂಗೇನು ಗೊತ್ತು?”

ಅವಳೊಬ್ಬಳೇ ಅಲ್ಲ, ಸಮೀಕ್ಷೆಗೆ ಹೋದ ಎಲ್ಲ ಹೆಂಗಸರೂ ಹೇಳಿಕೊಡದೆಯೇ ಹಾಗೆ ಮಾಡಿದ್ದರಂತೆ. ಹೆಣ್ಣುಮಗಳಿಗೆ ಫಿಟ್ಸ್ ಬರುತ್ತದೆ ಎಂದು ಊರಲ್ಲಿ ಒಬ್ಬರ ಕಿವಿಗೆ ಬಿದ್ದರೂ ಗಂಡು ಹುಡುಕುವುದು ಕಷ್ಟ. ಆಮೇಲೆ ಶಿಬಿರ ಶುರುವಾದಾಗ ಆ ಹುಡುಗಿಯರಿಗೂ ಮಾತ್ರೆ ಸಿಗಬೇಕಲ್ಲ ಎಂದು ಇವಳೇ ದಾರಿ ಹೇಳಿಕೊಟ್ಟಳು. ಅಣ್ಣನೋ ಅಪ್ಪನೋ ಬಂದು ತನ್ನ ಹೆಸರು ಬರೆಸಬೇಕು, ಡಾಕ್ಟರ್ ಕೇಳಿದ್ದಕ್ಕೆಲ್ಲ ಮನೆಯಲ್ಲಿ ನಡೆದದ್ದನ್ನೇ ತನಗೆ ನಡೆದಂತೆ ಹೇಳಬೇಕು. ಮೆದುಳಿನ ಪರೀಕ್ಷೆ ಮಾಡಿಸಿದರೂ ಎಷ್ಟೋ ರೋಗಿಗಳಿಗೆ ಸರಿಯಾಗಿಯೇ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಇದರಲ್ಲಿ ಯಾರಿಗೆ ಏನು ನಷ್ಟ ಎಂದು ಅವಳು ಕೇಳಿದಳು. ನಿಜ ಹೇಳಬೇಕೆಂದರೆ ನಾನೂ ಅವಳ ಜಾಗದಲ್ಲಿದ್ದಿದ್ದರೆ ಅದನ್ನೇ ಮಾಡುತ್ತಿದ್ದೆ.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಎದ್ದೆ. ಏಳುವಾಗ ಅವಳು, ಆ ಹುಡುಗನ ತಂಗಿಗೆ ಆರು ತಿಂಗಳ ಹಿಂದೆ ಮದುವೆಯಾಯಿತು, ಮಾಲೂರು ಕಡೆ ಲಕ್ಕೂರಿನ ಹತ್ತಿರ ಕೊಟ್ಟಿದ್ದಾರೆ, ಗಂಡ ಕಾರ್ಖಾನೆಯಲ್ಲಿದ್ದಾನೆ ಎಂದಳು. ಗಂಡನ ಮನೆಯವರಿಗೆ ರೋಗದ ವಿಷಯ ಗೊತ್ತಿಲ್ಲ. ಅಣ್ಣ ತಿಂಗಳಿಗೊಮ್ಮೆ ಕ್ಯಾಲ್ಸಿಯಂ ಡಬ್ಬಿಯಲ್ಲಿ ಈ ಮಾತ್ರೆ ತುಂಬಿ ಕೊಟ್ಟುಬರುತ್ತಾನೆ. ಈಗ ಅವಳಿಗೆ ಎರಡು ತಿಂಗಳಂತೆ ಎಂದು ಕಾರ್ಯಕರ್ತೆ ತನ್ನ ಮಗಳ ಸುದ್ದಿ ಹೇಳುವ ಹಾಗೆ ನಕ್ಕಳು. ನಾನೂ ನಕ್ಕೆ.

ಸಂಜೆ ಕೋಲಾರಕ್ಕೆ ಬಂದವಳು ಮನೆಗೆ ಹೋಗದೆ ಗ್ರಂಥಾಲಯಕ್ಕೆ ಹೋದೆ. ರಿಜಿಸ್ಟರಿನಲ್ಲಿ ಆ ಹುಡುಗನ ಹೆಸರಿನ ಮುಂದೆ ಇದ್ದ ಮಾತ್ರೆ ಸೋಡಿಯಂ ವಾಲ್ಪ್ರೊಯೇಟ್. ಶಿಬಿರಕ್ಕೆ ದಂಡಿಯಾಗಿ ತರಿಸಿದ್ದದ್ದು ಇದೇ. ಸುಮ್ಮನೆ ಕುತೂಹಲಕ್ಕೆ ಔಷಧಿಗಳ ಪುಸ್ತಕ ತೆಗೆದೆ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಬೇರೆ ದಾರಿ ಇರುವಾಗ ಇದನ್ನು ಕೊಡಬಾರದು, ಬಸಿರಿನಲ್ಲಿ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಗೆ, ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬೀಳಬಹುದು ಎಂದಿತ್ತು. ಅವಳಿಗೆ ಎರಡು ತಿಂಗಳು, ಆ ಮಗುವಿನ ಬೆನ್ನುಹುರಿ, ಮೆದುಳು ಬೆಳೆಯುವ ಹೊತ್ತು.

ಆಗ ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ಪುಸ್ತಕದ ಆ ಪುಟ ಮುಗಿಸದೆ, ಮುಂದಿನ ಪುಟ ತಿರುಗಿಸದೆ, ಕಾರ್ಯಕರ್ತೆಗೆ ಫೋನ್ ಮಾಡಿ, ಇವತ್ತಿನಿಂದಲೇ ಮಾತ್ರೆ ನಿಲ್ಲಿಸಲು ಹೇಳು, ಮಗುವಿಗೆ ವಿಷ ಅದು ಎಂದೆ. ಅವಳು ಅಣ್ಣನಿಗೆ ಹೇಳಿದಳು, ಅವನು ತಂಗಿಗೆ ಹೇಳಿದ. ನಾನೊಂದು ಜೀವ ಉಳಿಸಿದೆ ಎಂದುಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ಮಾರನೆಯ ದಿನ ಮುಖ್ಯಸ್ಥರು ಬೆಂಗಳೂರಿನಲ್ಲಿದ್ದರು. ಅದರ ಮಾರನೆಯ ದಿನ ಬೆಳಿಗ್ಗೆ, ಕೊಟ್ಟ ಮಾತನ್ನು ಮುರಿದು ಅವರಿಗೆ ಎಲ್ಲವನ್ನೂ ಹೇಳಿದೆ. ಸಮೀಕ್ಷೆಯ ವಿಷಯವನ್ನು ಅವರು ಕೂತೇ ಕೇಳಿದರು. ಮಾತ್ರೆ ನಿಲ್ಲಿಸಲು ಹೇಳಿದ್ದೇನೆ ಎಂದ ತಕ್ಷಣ ಎದ್ದು ನಿಂತರು.

“ನಿಲ್ಸಿ ಅಂದ್ರಾ? ನಿಮ್ಮನ್ನ ಯಾರ್ರೀ ಕೇಳಿದ್ರು? ಒಂದೇ ಸಲ ನಿಲ್ಸಿದ್ರೆ ಫಿಟ್ಸ್ ಮೇಲೆ ಫಿಟ್ಸ್ ಬಂದು ಪ್ರಾಣಕ್ಕೇ ಬರುತ್ತೆ. ಇದನ್ನ ಇಳಿಸ್ತಾ ಇಳಿಸ್ತಾ ಇನ್ನೊಂದನ್ನ ಏರಿಸ್ಬೇಕು, ಡಾಕ್ಟ್ರು ಕಣ್ಣೆದುರಿಗೇ ಇರ್ಬೇಕು.”

ಅದೇ ಮಾತು ನಾನು ತಿರುಗಿಸದ ಆ ಮುಂದಿನ ಪುಟದಲ್ಲಿತ್ತು. ಕಾರ್ಯಕರ್ತೆಗೆ ಫೋನ್ ಮಾಡಿದೆ. ಆ ಕಡೆಯಿಂದ ಅವಳು ಅಳುತ್ತಿದ್ದಳು. ಹುಡುಗಿ ಆ ದಿನ ಬೆಳಿಗ್ಗೆಯೇ ಅತ್ತೆಯ ಎದುರಿಗೆ, ಪಾತ್ರೆ ತೊಳೆಯುತ್ತಿದ್ದ ಕಲ್ಲಿನ ಮೇಲೆ ಬಿದ್ದಿದ್ದಳು. ಒಂದಾದ ಮೇಲೆ ಒಂದು ಮೂರು ಸಲ ಬಂದಿತ್ತು. ಗದ್ದ ಒಡೆದು ಹೊಲಿಗೆ ಹಾಕಿದ್ದರು. ಜೀವಕ್ಕೆ ಅಪಾಯವಿಲ್ಲ, ಹೊಟ್ಟೆಯಲ್ಲಿದ್ದದ್ದಕ್ಕೂ ಸದ್ಯಕ್ಕೆ ಏನೂ ಆಗಿಲ್ಲ. ಮುಖ್ಯಸ್ಥರು ಕಾರು ತೆಗೆಸಿಕೊಂಡು ತಾವೇ ಹೋಗಿ ನೋಡಿ, ಹೊಸ ಮಾತ್ರೆ ಶುರು ಮಾಡಿಸಿ ಬಂದರು. ಮೂರನೆಯ ದಿನ ಗಂಡನ ಮನೆಯವರು ಹುಡುಗಿಯನ್ನು ತವರಿಗೆ ತಂದು ಬಿಟ್ಟು, ರೋಗ ಮುಚ್ಚಿಟ್ಟು ಮದುವೆ ಮಾಡಿದಿರಿ ಎಂದು ಬೀದಿಯಲ್ಲಿ ನಿಂತು ಬೈದು ಹೋದರಂತೆ. ಗಂಡ ತಲೆ ತಗ್ಗಿಸಿ ಬೈಕಿನ ಮೇಲೆ ಕೂತೇ ಇದ್ದನಂತೆ.

ಆ ವಾರ ನನಗೆ ಅನ್ನ ಸೇರಲಿಲ್ಲ. ಓದಿಕೊಂಡವಳೆಂಬ ಸೊಕ್ಕು ನನಗೆ. ಆ ಕಾರ್ಯಕರ್ತೆ ಇಷ್ಟು ವರ್ಷ ಸುಳ್ಳಿನಲ್ಲೇ ಕಾಪಾಡಿಕೊಂಡು ಬಂದದ್ದನ್ನು ನಾನು ನಿಜ ಹೇಳಿ ಎರಡೇ ದಿನದಲ್ಲಿ ಹಾಳು ಮಾಡಿದ್ದೆ. ಹಾಗಂತ ಸುಮ್ಮನಿದ್ದಿದ್ದರೆ ಸರಿಯಾಗುತ್ತಿತ್ತೇ ಎಂದರೆ ಅದೂ ಅಲ್ಲ. ಹಗಲಿಡೀ ಈ ಎರಡರ ನಡುವೆ ಒದ್ದಾಡಿದೆ.

ಇಷ್ಟರಲ್ಲಿ ವರದಿಯ ಗಡುವು ಬಂತು. ಮುಖ್ಯಸ್ಥರು ಸಮ್ಮೇಳನಕ್ಕೆ ಕಳಿಸಿದ್ದ ಸಾರಾಂಶವನ್ನು ಆಗಲೇ ಹಿಂದಕ್ಕೆ ತೆಗೆದುಕೊಂಡಿದ್ದರು. ಆದರೆ ಹಳೆಯ ಲೇಖನದ ವಿಷಯದಲ್ಲಿ ಅವರು ಹೇಳಿದ್ದು ಬೇರೆ. ಅದನ್ನು ತೆಗೆದರೆ ವರದಿಯಲ್ಲಿ ಉಳಿಯುವುದು ಬರೀ ಸೊನ್ನೆ. ಸಮಿತಿ ಮಾತ್ರೆ ನಿಲ್ಲಿಸಿದರೆ ಆ ಹನ್ನೊಂದು ಹುಡುಗಿಯರ ಜೊತೆಗೆ ಉಳಿದ ರೋಗಿಗಳೂ ಬೀದಿಗೆ ಬರುತ್ತಾರೆ. ಈಗ ಇರುವ ಹಾಗೇ ಕಳಿಸೋಣ, ಮಂಜೂರಾದ ಮೇಲೆ ತಿದ್ದುಪಡಿ ಬರೆಯೋಣ ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಶಿಬಿರ ಅವರ ಹೊಟ್ಟೆಯಲ್ಲಿ ಹುಟ್ಟಿದ ಕೂಸು, ಅದನ್ನು ಉಳಿಸಿಕೊಳ್ಳಲು ನೋಡುತ್ತಿದ್ದರು. ಅವರ ಮಾತು ತಪ್ಪೆಂದು ನನಗೂ ಪೂರ್ತಿ ಅನ್ನಿಸಲಿಲ್ಲ.

ಒಂದು ದಿನ ಸಮಯ ಕೇಳಿ, ಪರಿಣಾಮದ ಪುಟವನ್ನು ಮತ್ತೆ ಓದಿದೆ. ಗಂಡಸರಿಗೆ ಒಗ್ಗುವ ಮಾತ್ರೆ ಹೆಚ್ಚಾಗಿ ತರಿಸಲಾಯಿತು, ಹೆಂಗಸರ ಮಾತ್ರೆ ಕಡಿಮೆ ಮಾಡಲಾಯಿತು ಎಂದು ನನ್ನದೇ ಕೈಯಲ್ಲಿ, ನನ್ನದೇ ಹೆಮ್ಮೆಯಲ್ಲಿ ಬರೆದಿತ್ತು. ಬೆಳಿಗ್ಗೆ ಅವರ ಕೋಣೆಗೆ ಹೋಗಿ ಆ ಪುಟ ಅವರ ಮುಂದಿಟ್ಟೆ.

“ಸರ್, ಈ ಪೇಪರ್‌ನಿಂದಾನೇ ಹೆಂಗಸ್ರ ಮಾತ್ರೆ ಕಮ್ಮಿ ಮಾಡಿ ವಾಲ್ಪ್ರೊಯೇಟ್ ದಂಡಿಯಾಗಿ ತರಿಸಿದ್ದು. ಆ ಹುಡುಗಿ ಹೊಟ್ಟೇಲಿರೋದ್ರ ತನಕ ಬಂದಿದೆ ಇದು. ಪರಿಣಾಮ ಅಂತ ಏನಾದ್ರೂ ಇದ್ರೆ ಇದೇ. ಇದನ್ನ ಬಿಟ್ಟು ಬೇರೆ ಬರೆಯೋಕೆ ನನ್ನ ಕೈಲಾಗಲ್ಲ.”

ಅವರು ಆ ಪುಟವನ್ನು ತಮ್ಮ ಕಡೆ ಎಳೆದುಕೊಂಡರು. ನೀವು ಹೊರಗಿರಿ ಎಂದಷ್ಟೇ ಹೇಳಿದರು. ಮಧ್ಯಾಹ್ನ ಕರೆಸಿಕೊಂಡಾಗ ಲೇಖನ ಪ್ರಕಟಿಸಿದ ಪತ್ರಿಕೆಗೆ ತಾವೇ ಬರೆದ ಕಾಗದ ಕೊಟ್ಟು, ಇಂಗ್ಲಿಷ್ ಸರಿ ಇದೆಯೇ ನೋಡಿ ಎಂದರು. ಸಮೀಕ್ಷೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳನ್ನು ಬಿಟ್ಟಿರುವುದು ಗೊತ್ತಾಗಿದೆ, ಹೆಂಗಸರ ಬಗ್ಗೆ ನಾವು ಹೇಳಿದ ಮಾತನ್ನು ಯಾರೂ ಬಳಸಬಾರದು ಎಂದು ಬರೆದಿದ್ದರು. ಯಾವ ಊರು, ಯಾರ ಕೆಲಸ ಎಂದು ಒಂದಕ್ಷರವೂ ಇರಲಿಲ್ಲ, ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡಿದ್ದರು. ಆ ಕಾಗದದ ಪ್ರತಿಯನ್ನು ವರದಿಗೆ ಲಗತ್ತಿಸಿ, ಲೇಖನವನ್ನು ಎಣಿಕೆಯಿಂದ ತೆಗೆದು ಬೇರೆ ಹಾಳೆಯಲ್ಲಿ ಕಾರಣ ಬರೆದು ಕಳಿಸಿದೆವು.

ಸಮಿತಿಯವರು ಪ್ರಾಮಾಣಿಕತೆಯನ್ನು ಮೆಚ್ಚಿ ಎರಡು ಸಾಲು ಬರೆದರು. ಮೂರನೇ ಸಾಲಿನಲ್ಲಿ, ಇನ್ನು ಮುಂದೆ ಕೋಲಾರ ಮತ್ತು ಮುಳಬಾಗಿಲಿಗೆ ಮಾತ್ರ ಮಾತ್ರೆ ಕೊಡುತ್ತೇವೆ ಎಂದಿದ್ದರು. ಮಾಲೂರು, ಶ್ರೀನಿವಾಸಪುರದ ಶಿಬಿರಗಳು ನಿಂತುಹೋದವು. ಅಲ್ಲಿಯವರಿಗೆಲ್ಲ ಕೋಲಾರಕ್ಕೆ ಬನ್ನಿ ಎಂದು ಹೇಳಿ ಕಳಿಸಿದ್ದೇವೆ. ಬೆಳಗಿನ ಕೂಲಿ ಬಿಟ್ಟು ಎರಡು ಬಸ್ಸು ಹತ್ತಿ ಕೆಲವರು ಬರುತ್ತಾರೆ. ಎಲ್ಲರೂ ಬರುವುದಿಲ್ಲ. ಬರದವರ ಹೆಸರುಗಳು ನನಗೆ ಬಾಯಿಪಾಠವಾಗಿವೆ. ಹಳೆಯ ಲೇಖನವನ್ನು ತಿದ್ದುಪಡಿ ಓದದವರು ಈಗಲೂ ಉಲ್ಲೇಖಿಸುತ್ತಲೇ ಇದ್ದಾರೆ.

ಮಾತ್ರೆ ನಿಲ್ಲಿಸದೆ ಬಂದು ತೋರಿಸಿಕೊಳ್ಳಿ ಎಂದು ಉಳಿದ ಹತ್ತು ಹುಡುಗಿಯರಿಗೆ ಹೇಳಿಸಿದ್ದರೂ ಯಾರೂ ಬಂದಿರಲಿಲ್ಲ. ಮುಳಬಾಗಿಲಿನಲ್ಲಿ ಹೆಂಗಸರಿಗೆಂದು ಬೇರೆ ದಿನ ಮಾಡೋಣ ಎಂದದ್ದು ಕಾರ್ಯಕರ್ತೆ. ನನ್ನ ಜೊತೆ ಅವಳು ಆಗ ಮಾತು ಬಿಟ್ಟಿದ್ದಳು, ಮುಖ್ಯಸ್ಥರಿಗೆ ಹೇಳಿದಳು. ಬಾಗಿಲಿಗೆ ರಕ್ತಹೀನತೆಯ ತಪಾಸಣೆ ಎಂದು ಬೋರ್ಡು ಹಾಕಬೇಕು, ಬಂದವರಿಗೆಲ್ಲ ಅದನ್ನೂ ನಿಜವಾಗಿ ಮಾಡಬೇಕು, ಮೂರ್ಛೆಯವರನ್ನು ಒಳಗಿನ ಕೋಣೆಯಲ್ಲಿ ನೋಡಬೇಕು. ಅದರಂತೆ ಮೊದಲ ದಿನ ಒಳಕೋಣೆಯಲ್ಲಿ ಮುಖ್ಯಸ್ಥರ ಪಕ್ಕದಲ್ಲಿ ರಿಜಿಸ್ಟರ್ ಇಟ್ಟುಕೊಂಡು ನಾನು ಕೂತೆ. ಬರೆಯುವ ಕೆಲಸಕ್ಕೆ ನಾನಾಗಿಯೇ ಕೇಳಿಕೊಂಡು ಹೋಗಿದ್ದೆ.

ಹನ್ನೊಂದು ಗಂಟೆಯ ತನಕ ಒಳಕೋಣೆಗೆ ಯಾರೂ ಬರಲಿಲ್ಲ. ಆಮೇಲೆ ಅವಳು ಬಂದಳು. ಗದ್ದದ ಕೆಳಗೆ ಹೊಲಿಗೆಯ ಗುರುತು, ಐದು ತಿಂಗಳ ಹೊಟ್ಟೆ. ಸ್ಕ್ಯಾನಿಂಗಿನಲ್ಲಿ ಬೆನ್ನುಹುರಿ ಸರಿಯಾಗಿ ಕಂಡಿದೆ, ಉಳಿದದ್ದನ್ನು ಮಗು ಬೆಳೆದಂತೆ ನೋಡಬೇಕು ಎಂದು ಮುಖ್ಯಸ್ಥರು ಅವಳಿಗೆ ಸುತ್ತುಬಳಸದೆ ಹೇಳಿದರು. ಅವಳು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಮಾತ್ರೆ ನಿಲ್ಲಿಸು ಅಂತ ಹೇಳಿಸಿದ ಮೇಡಂ ನೀವೇನಾ ಎಂದು ಕೇಳಿದಳು. ನಾನೇ ಕಣಮ್ಮ, ನನ್ನದು ತಪ್ಪಾಯಿತು ಎಂದೆ. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಗಂಡನ ಮನೆಯಿಂದ ಯಾರಾದರೂ ಬಂದಿದ್ದರೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ತನ್ನ ಹೆಸರು, ಗಂಡನ ಹೆಸರು, ಊರು ಎಲ್ಲವನ್ನೂ ತಾನಾಗಿಯೇ ಬಿಡಿಸಿ ಬಿಡಿಸಿ ಹೇಳಿ ಬರೆಸಿದಳು.

ಬರೆದು ಮುಗಿದರೂ ಏಳಲಿಲ್ಲ. ಬಾಗಿಲಿನ ಕಡೆ ನೋಡಿ ಕೈಸನ್ನೆ ಮಾಡಿದಳು. ವೇಲನ್ನು ತಲೆಯ ಮೇಲೆಳೆದುಕೊಂಡ ಇನ್ನೊಬ್ಬ ಹುಡುಗಿ ಒಳಗೆ ಬಂದು ಗೋಡೆಗೆ ಒರಗಿ ನಿಂತಳು.

“ನಮ್ಮ ಚಿಕ್ಕಪ್ಪನ ಮಗಳು. ಇವಳೂ ಅಪ್ಪನ ಹೆಸರಲ್ಲಿ ಅದೇ ಮಾತ್ರೆ ತಗೊಂತಾವಳೆ. ಬರೋ ತಿಂಗಳು ಹುಡುಗನ ಕಡೆಯೋರು ನೋಡೋಕೆ ಬರ್ತಾರೆ. ಮಾತ್ರೆ ಬದಲಾಯಿಸಿ ಕೊಡಿ, ಹೆಸರು ಮಾತ್ರ ಬರೀಬೇಡಿ ಮೇಡಂ. ನಿಮ್ಮ ಲೆಕ್ಕಕ್ಕೆ ಬೇಕೇ ಬೇಕು ಅಂದ್ರೆ ನನ್ನ ಹೆಸರನ್ನೇ ಎರಡು ಸಲ ಬರ್ಕೊಳ್ಳಿ.”

ನಾನು ಮುಖ್ಯಸ್ಥರ ಮುಖ ನೋಡಿದೆ. ನನಗೆ ಬೇಕಾದದ್ದು ಹೆಣ್ಣೋ ಗಂಡೋ ಮತ್ತು ವಯಸ್ಸು, ಅಷ್ಟೇ, ಅವತ್ತು ಸಮೀಕ್ಷೆಗೂ ಅಷ್ಟೇ ಸಾಕಾಗಿತ್ತು ಎಂದರು ಅವರು. ವಯಸ್ಸೆಷ್ಟಮ್ಮ ಎಂದು ಕೇಳಿದೆ. ಗೋಡೆಗೆ ಒರಗಿದ್ದವಳು ಹೇಳಿದಳು. ಹೆಸರಿನ ಜಾಗ ಖಾಲಿ ಬಿಟ್ಟು ಬರೆದೆ: ಹೆ, ಹತ್ತೊಂಬತ್ತು.